ಬೆವರದ ಮಂಜುಗಡ್ಡೆ

ನನ್ನ ಕೆಲಸ ಪೆಟ್ಟಿಗೆ ತುಂಬುವುದು. ಹದಿನಾಲ್ಕು ವರ್ಷ ತುಂಬಿದ್ದೇನೆ. ಲಂಡನ್ನಿನ ಪೂರ್ವದ ತುದಿಯಲ್ಲಿ, ರೈಲು ಕಮಾನಿನ ಕೆಳಗಿದ್ದ ಒಂದು ಗ್ಯಾರೇಜಿನಲ್ಲಿ ನಿಂತು, ನಾನು ಯಾವತ್ತೂ ಕಾಣದ ಮರಳುಗಾಡಿಗೆ ಔಷಧಿ ಕಟ್ಟಿ ಕಳಿಸಿದೆ. ಆ ಔಷಧಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಾವಿಯಿಂದ ಬಾವಿಗೆ ತಿರುಗುತ್ತಿದ್ದವರು ಇಂದುಮತಿ ಡಾಕ್ಟರು. ಆಫ್ರಿಕಾದ ಆ ಸೀಮೆಗೆ ಚಕ್ರದ ಮೇಲೆ ಆಸ್ಪತ್ರೆ ತಂದವರಲ್ಲಿ ಅವರೇ ಮೊದಲಿಗರು. ಅವರಿಗೆ ಹಾರ ಹಾಕಿದವರಿದ್ದಾರೆ, ಅವರ ಬಗ್ಗೆ ಭಾಷಣ ಮಾಡಿದವರಿದ್ದಾರೆ. ಪೆಟ್ಟಿಗೆಯ ಬಗ್ಗೆ ಯಾರೂ ಮಾತಾಡಿಲ್ಲ. ಈಗ ಇಂಥ ಕೆಲಸಕ್ಕೆ ಸೇರುವ ಹುಡುಗಿಯರು ಕಂಪ್ಯೂಟರ್ ನೋಡಿಕೊಂಡು ತುಂಬುತ್ತಾರಂತೆ. ತುಂಬಲಿ. ಆದರೂ ಮುಚ್ಚಳ ಹಾಕುವುದು ಕೈಯೇ. ಆ ಕೈ ಏನು ಮಾಡಬಲ್ಲದು ಎಂದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು. ಅಮ್ಮ ಬಂದರಿನಲ್ಲಿ ಮೀನು ಮಾರುತ್ತಿದ್ದಳು. ಗಂಡ ಅಡುಗೆಯವನು. ಅವನ ಹಿಂದೆ ನಾನೂ ಲಂಡನ್ನಿನ ಈಸ್ಟ್ ಹ್ಯಾಮಿಗೆ ಬಂದೆ. ಅವನು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ, ನಾನು ಅದೇ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬಿ ಪಾತ್ರೆ ತೊಳೆಯುತ್ತಿದ್ದೆ. ತೊಂಬತ್ತರ ದಶಕದ ಮೊದಮೊದಲಿನ ಮಾತು. ಒಂದು ಮಧ್ಯಾಹ್ನ ನಾನಿಲ್ಲದಾಗ ಹೊಸ ಅಡುಗೆಯವನೊಬ್ಬ ಹಿಟ್ಟು ರುಬ್ಬಿಟ್ಟಿದ್ದ. ಬಂದು ನೋಡಿದರೆ ನೀರು ನೀರು.

"ಇದ್ ದೋಸಿ ಹಿಟ್ಟಾ ಮಾರಾಯಾ? ಗ್ವಾಡಿಗ್ ಸುಣ್ಣದ್ ಹಾಂಗ್ ಬಳುಕೆ ಅಡ್ಡಿಲ್ಲ!" ಎಂದು ಕೂಗಿದೆ.

ಬಾಗಿಲ ಪರದೆ ಸರಿಯಿತು. ಬಿಳಿ ಕೂದಲಿನ, ಪ್ಯಾಂಟು ಹಾಕಿದ, ಸಣಕಲು ಹೆಂಗಸು ಒಳಗೆ ಬಂದಳು. ಊಟಕ್ಕೆ ಬಂದಿದ್ದ ಗಿರಾಕಿ.

"ಯಾರ್ರೀ ಅದು, ಕನ್ನಡದಾಗ ಇಷ್ಟ ಛಂದ ಬೈಯಾಕ್ಹತ್ತಿದ್ದು?"

"ನಾನೇ. ನಿಮಗೆಂತ ಆಯ್ತು?"

"ನನಗೇನೂ ಆಗಿಲ್ಲ. ಧಾರವಾಡ ಬಿಟ್ಟಮ್ಯಾಲೆ ಹಿಂಗ ಬೈದಿದ್ದು ಕೇಳಿರಲಿಲ್ಲ, ಅದಕ್ಕ ಬಂದೆ. ಪೆಟ್ಟಿಗಿ ಕಟ್ಟಾಕ ಬರ್ತದೇನು?"

"ಮೀನು ಪೆಟ್ಟಿಗೆ ಕಟ್ಟಿದ್ದೇನೆ."

"ಸಾಕು," ಎಂದರು. ಅವರೇ ಇಂದುಮತಿ ಡಾಕ್ಟರು. ಹಾಗೆ ಕೆಲಸ ಸಿಕ್ಕಿತು. ನನ್ನ ಕೈ ನೋಡಿ ಕೊಟ್ಟ ಕೆಲಸವಲ್ಲ ಅದು, ನಾಲಗೆ ಕೇಳಿ ಕೊಟ್ಟದ್ದು. ಆವತ್ತು ಇದು ದೊಡ್ಡ ಸಂಗತಿ ಎನಿಸಲಿಲ್ಲ.

ಡಾಕ್ಟರು ಹಿಂದೆ ಬರಗಾಲದ ಹೊತ್ತಿಗೆ ಆ ಮರಳುಗಾಡಿಗೆ ಹೋಗಿದ್ದರಂತೆ. ಅಲ್ಲಿ ಯಾರೋ ಕಲ್ಲಿನ ಆಸ್ಪತ್ರೆ ಕಟ್ಟಿಸಿದ್ದರು. ಬೆಳಗಿನಿಂದ ಸಂಜೆಯವರೆಗೆ ಕೂತರೂ ಒಬ್ಬ ರೋಗಿ ಬರಲಿಲ್ಲ. ಬರುವುದಾದರೂ ಹೇಗೆ? ಜನ ಒಂಟೆ, ಆಡು ಹೊಡೆದುಕೊಂಡು ನೀರಿದ್ದಲ್ಲಿಗೆ ಹೋಗುವವರು. ಬಾವಿ ಇದ್ದಲ್ಲೇ ಅವರ ಬಿಡಾರ, ಊರು ಎಂದರೆ ಅದೇ. "ಆಸ್ಪತ್ರಿ ನಿಂತಿರ್ತದ, ಮಂದಿ ನಡೀತಿರ್ತಾರ. ಯಾರು ಯಾರ ಹಿಂದ ಹೋಗಬೇಕು, ಹೇಳ್ರಿ?" ಎಂದು ನನ್ನನ್ನೇ ಕೇಳಿದರು. ಆಸ್ಪತ್ರೆಯೇ ಹೋಗಬೇಕು ಎಂದೆ. ಇಷ್ಟು ಸಣ್ಣ ಮಾತು ಅರ್ಥವಾಗಲು, ಈ ಕೆಲಸಕ್ಕೆ ದುಡ್ಡು ಹಾಕುವ ಟ್ರಸ್ಟಿನವರಿಗೆ ಎರಡು ವರ್ಷ ಹಿಡಿಯಿತಂತೆ.

ಟ್ರಸ್ಟಿನವರ ಬಗ್ಗೆಯೂ ಹೇಳಿಬಿಡುತ್ತೇನೆ. ಒಳ್ಳೆಯ ಬಟ್ಟೆಯ ಜನ. ತಿಂಗಳಿಗೊಮ್ಮೆ ಗ್ಯಾರೇಜಿಗೆ ಬಂದು, ಧೂಳು ತಾಗದ ಹಾಗೆ ನಿಂತು, ಫೋಟೋ ಕೇಳುವರು. ನಗುವ ಮಗುವಿನ ಫೋಟೋ ಬೇಕು, ಅಳುವ ಮಗುವಿನದೂ ಬೇಕು. ಡಾಕ್ಟರು, "ಕೆಮ್ಮೂ ಮುದುಕರ ಫೋಟೋ ಅದಾವ, ತಗೋತೀರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ನನಗೆ ಕನ್ನಡದಲ್ಲಿ ಹೇಳಿ ನಗುತ್ತಿದ್ದರು. ಅವರಿಗೆ ನನ್ನ ಜೊತೆ ಕನ್ನಡ ಮಾತಾಡುವುದೇ ಒಂದು ಚಟ. ಮೂರು ತಿಂಗಳು ಮರಳುಗಾಡು, ಎರಡು ತಿಂಗಳು ಲಂಡನ್, ಮತ್ತೆ ಮರಳುಗಾಡು. ಲಂಡನ್ನಿನಲ್ಲಿದ್ದಷ್ಟು ದಿನ ಬೆಳಗ್ಗೆ ಬಂದು ನನ್ನ ಮೇಜಿನ ಎದುರು ಕೂತು ಚಹಾ ಕುಡಿಯದೆ ಕೆಲಸ ಹಿಡಿಯುತ್ತಿರಲಿಲ್ಲ.

ಮೊದಲ ತಪ್ಪು ಮೊದಲ ವರ್ಷವೇ ಆಯಿತು. ನನಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಡಬ್ಬಿಯ ಬಣ್ಣ ನೋಡಿ ತುಂಬುತ್ತಿದ್ದೆ. ಹಸಿರು ಪಟ್ಟಿ ಇದ್ದದ್ದು ಕಣ್ಣಿನ ಮುಲಾಮು, ಕಂದು ಪಟ್ಟಿ ಹುಳದ ಮಾತ್ರೆ. ಕಂಪನಿಯವರು ಹೇಳದೆ ಕೇಳದೆ ಹುಳದ ಮಾತ್ರೆಗೂ ಹಸಿರು ಡಬ್ಬಿ ಮಾಡಿದರು. ಡಾಕ್ಟರು ಅಲ್ಲಿ ಒಂದು ಬಿಡಾರದಲ್ಲಿ ಪೆಟ್ಟಿಗೆ ತೆರೆದರೆ, ಕಣ್ಣಿಗೆ ನೊಣ ಮುತ್ತಿದ ಮಕ್ಕಳು ಸಾಲಾಗಿ ನಿಂತಿದ್ದಾರೆ, ಪೆಟ್ಟಿಗೆ ತುಂಬ ಹುಳದ ಮಾತ್ರೆ. ವಾಪಸು ಬಂದವರು ಬೈಯಲಿಲ್ಲ. ಒಂದು ರಟ್ಟಿನ ಮುಚ್ಚಳದ ಮೇಲೆ ಇಪ್ಪತ್ತಾರು ಅಕ್ಷರ ಬರೆದು ಗೋಡೆಗೆ ಹೊಡೆದರು. "ನಾಳಿಂದ ದಿನಾ ಮೂರು ಅಕ್ಷರ. ಕಲೀದಿದ್ರ ಚಹಾ ಇಲ್ಲ." ಐವತ್ತರ ಹತ್ತಿರದಲ್ಲಿ ನಾನು ಎ ಬಿ ಸಿ ಕಲಿತೆ. ಅಂಕಿ ಮೊದಲೇ ಬರುತ್ತಿತ್ತು, ಮೀನು ಮಾರುವವಳ ಮಗಳಲ್ಲವೇ.

ಗಾಡಿಗಳನ್ನು ಸಜ್ಜು ಮಾಡುವವನು ಟೆರಿ ಎಂಬ ಇಂಗ್ಲಿಷಿನವನು. ಹಳೆಯ ವ್ಯಾನು ತಂದು ಒಳಗೆ ಮರದ ಗೂಡು, ಮಡಚುವ ಹಾಸಿಗೆ, ನೀರಿನ ಟ್ಯಾಂಕು ಎಲ್ಲ ಕೂಡಿಸುವನು. ಕೈ ಚಿನ್ನ. ಆದರೆ ಅವನು ಲಂಡನ್ನಿನ ರಸ್ತೆ ಮಾತ್ರ ಕಂಡವನು. ಅವನ ಗೂಡಿನಲ್ಲಿಟ್ಟ ಮಾತ್ರೆಯೆಲ್ಲ ಮರಳುಗಾಡಿನ ದಾರಿಯ ಕುಲುಕಿಗೆ ಪುಡಿಯಾಗಿ ಹೋಯಿತು. ಡಾಕ್ಟರು ಚಮಚದಲ್ಲಿ ಅಳೆದು ಕೊಟ್ಟರಂತೆ. ನಾನು ಈಸ್ಟ್ ಹ್ಯಾಮಿನ ಪರಿಚಯದ ಹೆಂಗಸರಿಂದ ಹಳೆಯ ಕಾಟನ್ ಸೀರೆ ಕೇಳಿ ತಂದೆ. ಒಗೆದು, ಕುದಿಸಿ, ಹರಿದು, ಪ್ರತಿ ಡಬ್ಬಿಯ ಬಾಯಿಗೂ ಬಿಗಿಯಾಗಿ ತುರುಕಿದೆ. ಮುಂದಿನ ಸಲ ಒಂದು ಮಾತ್ರೆಯೂ ಮುರಿಯಲಿಲ್ಲ.

"ಗುಲಾಬವ್ವಾ, ಇಂಜಿನಿಯರ್ ಆಗಬೇಕಿತ್ತು ನೀವು," ಎಂದರು ಡಾಕ್ಟರು.

ಟೆರಿ ನನಗೆ ಸಲಾಮು ಹೊಡೆದ. ಟ್ರಸ್ಟಿನವರೂ ಬಂದು ಸೀರೆ ಚೂರು ಮುಟ್ಟಿ ನೋಡಿ ಹೋದರು. ಅಂದಿನಿಂದ ನನಗೆ ನನ್ನ ಬುದ್ಧಿಯ ಮೇಲೆ ಭರವಸೆ ಬಂತು. ಕೇಳದೆ ಮಾಡಿದರೂ ನಡೆಯುತ್ತದೆ ಎಂದುಕೊಂಡೆ. ಕೆಲಸಕ್ಕೆ ಹೊಸದಾಗಿ ಬಂದವಳು ತಪ್ಪು ಮಾಡಿದರೆ ಹೆದರಬೇಡಿ. ಐದಾರು ವರ್ಷ ಒಳ್ಳೆಯ ಕೆಲಸ ಮಾಡಿ ಬೆನ್ನು ತಟ್ಟಿಸಿಕೊಂಡವಳ ಮೇಲೆ ಕಣ್ಣಿಡಿ.

ಈಗ ಮರಿಯಮ್ ವಿಷಯ. ಅವಳು ಆ ಮರಳುಗಾಡಿನವಳೇ. ಸೂಲಗಿತ್ತಿ. ಅಲ್ಲಿನ ಒಂದು ಸಣ್ಣ ಪೇಟೆಯಲ್ಲಿ ಡಾಕ್ಟರ ಠಾಣೆ ಇತ್ತು. ಒಂದು ಕೋಣೆ, ಕರೆಂಟಿಲ್ಲದೆ ಎಣ್ಣೆಯ ಉರಿಯಿಂದಲೇ ತಣ್ಣಗಾಗುವ ಒಂದು ಸೀಮೆಎಣ್ಣೆ ಫ್ರಿಜ್ಜು. ಆ ಫ್ರಿಜ್ಜನ್ನು ನೋಡಿಕೊಂಡು, ಡಾಕ್ಟರು ಲಂಡನ್ನಿನಲ್ಲಿದ್ದಾಗ ತಾನೇ ಗಾಡಿ ಹತ್ತಿ ಬಾವಿಗಳಿಗೆ ಹೋಗಿ, ಹೆರಿಗೆ ಮಾಡಿಸಿ, ಸೂಜಿ ಹಾಕಿ ಬರುವವಳು ಅವಳು. ಡಾಕ್ಟರೇ ಕಲಿಸಿದ್ದು. ಗಂಡಸರು ಡಾಕ್ಟರನ್ನು ನಂಬುತ್ತಿರಲಿಲ್ಲ, ಮರಿಯಮ್ಮನನ್ನು ನಂಬುತ್ತಿದ್ದರು. ಅವಳು ಹೌದು ಎಂದ ಮೇಲೆ ಹೆಂಗಸರು ತೋಳು ಚಾಚುತ್ತಿದ್ದರು.

ನಾನು ಅವಳನ್ನು ಕಂಡಿಲ್ಲ. ಆದರೆ ಖಾಲಿ ಪೆಟ್ಟಿಗೆಗಳನ್ನು ತೊಳೆದು ವಾಪಸು ಕಳಿಸುವವಳು ಅವಳೇ. ನಾನು ತುರುಕಿದ ಸೀರೆ ಚೂರನ್ನೆಲ್ಲ ಒಗೆದು ಮಡಚಿ ಇಟ್ಟಿರುತ್ತಿದ್ದಳು. ಒಂದು ಚೂರೂ ಕಳೆದಿರುತ್ತಿರಲಿಲ್ಲ. ಒಮ್ಮೆ ಖರ್ಜೂರ ಇತ್ತು. ನಾನು ಹೊಲಿಗೆ ಸೂಜಿ, ದಾರ ಇಟ್ಟು ಕಳಿಸಿದೆ. ಮಾತಿಲ್ಲದ ಸ್ನೇಹ. ನನ್ನ ಗಂಡ, "ಕಾಣದ್ದೇ ಇಪ್ಪವ್ಳಿಗೆ ಬಾಗಿನ ಕೊಡ್ತಾಳ್ ನನ್ ಹೆಂಡ್ತಿ," ಎಂದು ಗೇಲಿ ಮಾಡುತ್ತಿದ್ದ.

ಲಸಿಕೆ ತುಂಬುವ ರೀತಿ ಹೇಳುತ್ತೇನೆ, ಕೇಳಿ. ದಪ್ಪ ಗೋಡೆಯ ಕೋಲ್ಡ್ ಬಾಕ್ಸು. ಸುತ್ತ ಐಸ್ ಪ್ಯಾಕು, ಅಂದರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಇಟ್ಟಿಗೆ. ನಡುವೆ ರಟ್ಟು, ರಟ್ಟಿನ ಒಳಗೆ ಲಸಿಕೆಯ ಸೀಸೆ. ಆದರೆ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದವಳು ಹಾಗೇ ಇಡಬಾರದು. ಮೇಜಿನ ಮೇಲೆ ಹರಡಿ ಕಾಯಬೇಕು. ಮೈಯೆಲ್ಲ ಬೆವರಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಆಗ ತುಂಬಬೇಕು. "ಬೆವರೂತನಕ ಕಾಯ್ರಿ, ಗುಲಾಬವ್ವಾ," ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಐದು ವರ್ಷ ಕಾದೆ. ಚಳಿಗಾಲದಲ್ಲಿ ಆ ಗ್ಯಾರೇಜಿನಲ್ಲಿ ಅದು ಬೆವರಲು ಒಂದು ಬೆಳಗು ಪೂರ್ತಿ ಬೇಕು. ಆದರೂ ಕಾದೆ.

ಒಂದು ಸಲ ಡಾಕ್ಟರು ವಾಪಸು ಬಂದು ಚಹಾ ಕುಡಿಯುತ್ತ ಗೊಣಗಿದರು. ಕೊನೆಯ ಬಾವಿ ಮುಟ್ಟುವಷ್ಟರಲ್ಲಿ ಐಸೆಲ್ಲ ಬೆಚ್ಚಗಿನ ನೀರಾಗಿತ್ತು. ಲಸಿಕೆ ಚೆಲ್ಲಬೇಕಾಯಿತು. ಹೆಂಗಸರು ಎರಡು ದಿನ ನಡೆದು ಬಂದಿದ್ದರು. "ತೋಳು ತೋರಿಸಿಕೋತ ನಿಂತಿದ್ರವ್ವಾ. ಏನ್ ಹೇಳ್ಲಿ ಅವರಿಗೆ?" ಎಂದರು.

ಗಂಗೊಳ್ಳಿಯ ಹುಡುಗಿಗೆ ಐಸಿನ ಬುದ್ಧಿ ಯಾರು ಹೇಳಬೇಕು? ಮೀನು ದೂರ ಹೋಗುವುದಾದರೆ ಕೆಳಗೊಂದು ಹಾಸು ಐಸು, ಮೇಲೊಂದು ಹಾಸು ಐಸು, ನಡುವೆ ಸಂದಿ ಬಿಟ್ಟರೆ ಅಲ್ಲೂ ಐಸು. ಬೆವರುವ ಐಸನ್ನು ಯಾರಾದರೂ ಹಾಕುತ್ತಾರೆಯೇ? ಅದು ಅರ್ಧ ಸತ್ತ ಐಸು. ಡಾಕ್ಟರು ಓದಿದವರು, ಮೀನು ಕಟ್ಟಿದವರಲ್ಲ ಎಂದುಕೊಂಡೆ. ಅವರು ಆ ವಾರ ವೆಂಬ್ಲಿಯಲ್ಲಿ ಯಾವುದೋ ಸಭೆಗೆ ಹೋಗಿದ್ದರು. ಅವರಿಗಿಂತ ಮೊದಲೇ ವಿಮಾನದಲ್ಲಿ ಹೋಗಬೇಕಾದ ಪೆಟ್ಟಿಗೆ. ಒಳಗಿದ್ದದ್ದು ಬಸುರಿ ಹೆಂಗಸರಿಗೆ ಹಾಕುವ ಧನುರ್ವಾಯು ಲಸಿಕೆ. ತಾಯಿಗೆ ಹಾಕಿದರೆ ಹುಟ್ಟುವ ಕೂಸಿಗೂ ಕಾಪು. ನಾನು ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು, ಕಲ್ಲಿನ ಹಾಗಿದ್ದದ್ದನ್ನು ಹಾಗೇ ಇಟ್ಟೆ. ಜಾಗ ಸಾಲದೆಂದು ನಡುವಿನ ರಟ್ಟು ಕಿತ್ತು ಹಾಕಿದೆ. ಸೀಸೆಗಳ ಮಧ್ಯೆ ಇನ್ನೂ ಎರಡು ತುರುಕಿದೆ.

ಟೆರಿ ನೋಡುತ್ತಿದ್ದ. "ಜಾಸ್ತಿ ಐಸಾ?" ಎಂದ.

"ಡೆಸರ್ಟ್ ವೆರಿ ಹಾಟ್," ಎಂದೆ.

"ಗುಡ್ ಥಿಂಕಿಂಗ್, ಲವ್," ಎಂದು ಹೆಬ್ಬೆರಳು ಎತ್ತಿದ.

ಮೂರು ವಾರದ ಮೇಲೆ ಗ್ಯಾರೇಜಿನ ಫೋನು ಹೊಡೆದುಕೊಂಡಿತು. ಆ ಪೇಟೆಯ ಪೋಸ್ಟಾಫೀಸಿನಿಂದ ಡಾಕ್ಟರು ಮಾತಾಡಿದರು. ಕೊನೆಯ ಬಾವಿಯವರೆಗೂ ಪೆಟ್ಟಿಗೆ ತಣ್ಣಗಿತ್ತಂತೆ, ಒಂದು ಸೀಸೆಯೂ ಚೆಲ್ಲಲಿಲ್ಲವಂತೆ. "ಇರ್ರಿ, ಯಾರೋ ಮಾತಾಡ್ತಾರಂತ," ಎಂದರು. ಗರಗರ ಸದ್ದಿನ ನಡುವೆ ಒಂದು ಹೆಣ್ಣು ದನಿ ಬಂತು. ಎಳೆಯ ದನಿ. ನಾನು ಅವಳನ್ನು ನನ್ನ ವಯಸ್ಸಿನವಳು ಎಂದುಕೊಂಡಿದ್ದೆ.

"ಗುಲಾಬಿ? ಐಸ್ ಗುಡ್. ಐಸ್ ವೆರಿ ಗುಡ್!"

"ಥ್ಯಾಂಕ್ಯೂ ಮರಿಯಮ್ಮಾ," ಎಂದೆ. ಅವಳ ದನಿ ಕೇಳಿದ್ದು ಆ ಒಂದೇ ಸಲ. ಏನು ಮಾಡಿದಿರಿ ಎಂದು ಡಾಕ್ಟರು ಕೇಳಲಿಲ್ಲ, ಫೋನಿನಲ್ಲಿ ಪುರುಸೊತ್ತಿರಲಿಲ್ಲ. ಎರಡನೇ ಸೂಜಿಗೆ ಎರಡನೇ ಪೆಟ್ಟಿಗೆ ಹೋಗಬೇಕಿತ್ತು. ಅದಕ್ಕೆ ಇನ್ನೂ ಎರಡು ಐಸ್ ಪ್ಯಾಕು ಹೆಚ್ಚು ಹಾಕಿದೆ.

ಡಾಕ್ಟರು ಸರಿಯಾದ ಹೊತ್ತಿಗೆ ಲಂಡನ್ನಿಗೆ ಬಂದು, ಮತ್ತೆ ಹೋದರು. ಆದರೆ ಆ ಸಲ ಮೂರು ತಿಂಗಳು ಇರಬೇಕಾದವರು ಐದು ವಾರಕ್ಕೇ ವಾಪಸು ಬಂದರು. ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆದರೆ ಅವರು ಆಗಲೇ ಒಳಗೆ ಕೂತಿದ್ದರು. ಚಹಾ ಬೇಡ ಎಂದರು.

"ನಾಕ್ ಕೂಸು ಹೋದೂವು, ಗುಲಾಬವ್ವಾ. ಒಂದೇ ಬಾವಿಯಾಗ. ಏಳನೇ ದಿನ, ಎಂಟನೇ ದಿನ. ಬಾಯಿ ಕಚ್ಚಿಕೊಂಡು, ಮೊಲಿ ಹಿಡಿಲಾರದ, ಬಿಲ್ಲಿನಂಗ ಬಾಗಿ. ಧನುರ್ವಾಯು. ನಾಕೂ ತಾಯಂದಿರಿಗೆ ಎರಡೆರಡು ಸೂಜಿ ಹಾಕೇವಿ. ಆಗಬಾರದು. ಹೆಂಗಾತು?"

ನನಗೆ ಏನೂ ಹೊಳೆಯಲಿಲ್ಲ. ದೇವರಾಣೆ ಹೊಳೆಯಲಿಲ್ಲ. ಅವರು ಚೀಲದಿಂದ ಸೀಸೆಗಳನ್ನು ತೆಗೆದರು. ನಾವು ಕಳಿಸಿದ್ದರಲ್ಲಿ ಅಲ್ಲಿನ ಫ್ರಿಜ್ಜಿನಲ್ಲಿ ಉಳಿದಿದ್ದ ಲಸಿಕೆ. ನಮ್ಮ ಗ್ಯಾರೇಜಿನ ಒಳ್ಳೆಯ ಸೀಸೆಯೊಂದನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟರು. ಅದು ಗಟ್ಟಿಯಾದ ಮೇಲೆ ಕರಗಿಸಿದರು. ಮಾರನೆಯ ದಿನ ಮೇಜಿನ ಮೇಲೆ ಮೂರು ಸೀಸೆ ಇಟ್ಟರು. ಒಂದು ಒಳ್ಳೆಯದು, ಒಂದು ಬೇಕೆಂದು ಹೆಪ್ಪುಗಟ್ಟಿಸಿದ್ದು, ಒಂದು ಮರಿಯಮ್ಮನ ಫ್ರಿಜ್ಜಿನದು. ಮೂರನ್ನೂ ಅಲ್ಲಾಡಿಸಿ ಇಟ್ಟು, ನನ್ನನ್ನೂ ಟೆರಿಯನ್ನೂ ಕರೆದು, ನೋಡಿ ಎಂದರು.

ಅರ್ಧ ಗಂಟೆ ಕಾದೆವು. ಒಳ್ಳೆಯದು ನೀರು ಬೆರೆಸಿದ ಹಾಲಿನ ಹಾಗೆ ಹಾಗೇ ನಿಂತಿತ್ತು. ಹೆಪ್ಪುಗಟ್ಟಿಸಿದ್ದು ಒಡೆದ ಹಾಲಿನ ಹಾಗೆ ಚೂರು ಚೂರಾಗಿ ಕೆಳಗಿಳಿಯಿತು, ಮೇಲೆ ತಿಳಿನೀರು. ಮರಿಯಮ್ಮನ ಸೀಸೆಯೂ ಹಾಗೇ ಇಳಿಯಿತು.

"ಈ ಲಸಿಕಿಗೆ ಬಿಸಿಲಿಗಿಂತ ಹೆಪ್ಪು ಕೆಟ್ಟದ್ದು," ಎಂದರು ಡಾಕ್ಟರು. "ಒಮ್ಮೆ ಗಟ್ಟಿಯಾತಂದ್ರ ಸತ್ತಂಗ. ಕರಗಿಸಿ ಹಾಕಿದ್ರ ಬರೇ ನೀರು ಹಾಕಿದಂಗ. ನೋಡಾಕ ಏನೂ ಗೊತ್ತಾಗೂದಿಲ್ಲ."

ಆಗ ಹೊಳೆಯಿತು. ಬೆವರುವ ತನಕ ಕಾಯಿರಿ ಎಂದದ್ದು ಇದಕ್ಕೇ.

ಅವರು ನನ್ನ ಮುಖ ನೋಡಲಿಲ್ಲ. "ಫ್ರಿಜ್ಜಿನ ಉರಿ ಜಾಸ್ತಿ ಇಟ್ಟಾಳ ಆಕಿ. ಉರಿ ಜಾಸ್ತಿ ಮಾಡಿದ್ರ ಅದು ಜಾಸ್ತಿ ತಣ್ಣಗಾಗ್ತದ, ನೂರು ಸಲ ಹೇಳೇನಿ. ನಾ ಆಕೀನ್ನ ನಂಬಬಾರದಿತ್ತು," ಎಂದರು. ಅಲ್ಲೇ ಕೂತು ಪತ್ರ ಬರೆದರು. ಲಸಿಕೆ ಫ್ರಿಜ್ಜಿನಲ್ಲಿ ಕೆಟ್ಟಿದೆ, ಅವಳನ್ನು ಕೆಲಸದಿಂದ ತೆಗೆಯಿರಿ ಎಂದು ಎರಡೇ ಸಾಲು. ಆ ಪೇಟೆಯ ಸರಕಾರಿ ಆಫೀಸಿಗೆ ಫ್ಯಾಕ್ಸ್ ಮಾಡಲು ಟೆರಿಗೆ ಕೊಟ್ಟರು. ಕಾಗದ ಯಂತ್ರದೊಳಗೆ ಹೋಗುತ್ತಿತ್ತು. ನಾನು ಎರಡು ಮಾರು ದೂರದಲ್ಲಿದ್ದೆ. ಅವರೇ ಕಲಿಸಿದ ಅಕ್ಷರ. ಎಂ, ಎ, ಆರ್, ಐ, ಎ, ಎಂ. ಓದಿದೆ. ಬಾಯಿ ಬಿಡಲಿಲ್ಲ. ಯಂತ್ರ ಕಾಗದವನ್ನು ಆಚೆ ಕಡೆ ಉಗಿಯಿತು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ಯಾರಾರೂ ನಿನ್ ಕೇಂಡ್ರಾ?"

"ಇಲ್ಲ."

"ಮತ್ತೆಂತಕೆ ಹೇಳುಕೆ ಹೋತೆ? ನಿಂಗೆ ಮರ್ಳಾ? ನಾಕ್ ಮಕ್ಕಳ್ ಹೋಯಿದೊ. ಜೈಲಿಗ್ ಹಾಕಿರೆ ಬಿಡ್ಸುದ್ ಯಾರ್?"

"ಆ ಹೆಣ್ಣಿನ ಕೆಲ್ಸ ಹೋತ್ತಲೆ."

"ಅವ್ಳ್ ಅವ್ಳ ಊರಲ್ಲಿ ಇತ್ತಲ್ದಾ? ಹ್ಯಾಂಗಾರೂ ಬದ್ಕತ್ಲ್. ನಾವ್ ಹೋಪುದ್ ಎಲ್ಲಿಗೆ? ಸುಮ್ನೆ ಕೂಕೋ."

ಸುಮ್ಮನೆ ಕೂತೆ. ಗಂಡನ ಮೇಲೆ ಹಾಕುವುದಿಲ್ಲ, ಅವನು ಹೇಳಿದ್ದು ನನಗೆ ಬೇಕಾದ ಮಾತನ್ನೇ. ಹತ್ತೊಂಬತ್ತು ದಿನ ಸುಮ್ಮನಿದ್ದೆ. ದಿನಾ ಬೆಳಗ್ಗೆ ಡಾಕ್ಟರಿಗೆ ಚಹಾ ಮಾಡಿಕೊಟ್ಟೆ. ಅವರು ದಿನಾ ಹೇಳಬೇಕೇ ಬೇಡವೇ ಎನ್ನುವ ಹಾಗೆ ಆ ಬಾವಿಯ ಮಾತು ತೆಗೆಯುವರು, ನಾನು ಲೊಚಗುಟ್ಟುವೆ. ಐಸ್ ಪ್ಯಾಕನ್ನು ಮತ್ತೆ ಮೇಜಿನ ಮೇಲೆ ಹರಡಿ ಬೆವರಲು ಬಿಟ್ಟೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇಪ್ಪತ್ತನೇ ದಿನ ಅಲ್ಲಿಂದ ಖಾಲಿ ಪೆಟ್ಟಿಗೆಗಳು ಬಂದವು. ಕೆಲಸ ಬಿಡುವ ಮೊದಲು ಮರಿಯಮ್ ತೊಳೆದು ಕಳಿಸಿದ್ದು. ಸೀರೆ ಚೂರು ಒಗೆದು ಮಡಚಿ, ಎಂದಿನ ಹಾಗೇ. ಅದರ ಕೆಳಗೆ ಒಂದು ನೋಟ್‌ಬುಕ್. ಫ್ರಿಜ್ಜಿನ ಲೆಕ್ಕ. ದಿನಕ್ಕೆ ಎರಡು ಸಲ, ಬೆಳಗ್ಗೆ ಸಂಜೆ, ಥರ್ಮಾಮೀಟರ್ ನೋಡಿ ಬರೆದ ಅಂಕಿ. ಐದು. ಆರು. ನಾಲ್ಕು. ಐದು. ಪುಟ ತಿರುವಿದೆ. ಆರು. ಐದು. ಏಳು. ವರ್ಷ ಪೂರ್ತಿ ತಿರುವಿದೆ. ಎಲ್ಲೂ ಹೆಪ್ಪಿನ ಹತ್ತಿರವೂ ಹೋಗಿರಲಿಲ್ಲ. ಅವಳಿಗೆ ಅಕ್ಷರ ಕಡಿಮೆ ಬರುತ್ತಿತ್ತೇನೋ, ಒಂದು ಮಾತೂ ಬರೆದಿರಲಿಲ್ಲ. ಅಂಕಿ ಮಾತ್ರ. ಯಾರಾದರೂ ನೋಡಲಿ ಎಂದು ಕಳಿಸಿದ್ದಳು.

ನೋಡಿದವಳು ನಾನು. ಟೆರಿ ಹೊರಗಿದ್ದ. ಗ್ಯಾರೇಜಿನ ಹಿಂದೆ ಕಸದ ದೊಡ್ಡ ಡಬ್ಬ ಇತ್ತು. ಅದರವರೆಗೆ ನಡೆದು ಹೋದೆ. ಇದನ್ನೂ ಬರೆಯಬೇಕು, ಹೋದದ್ದು ನಿಜ. ಮುಚ್ಚಳ ಎತ್ತಿ ನಿಂತೆ. ಆಮೇಲೆ ವಾಪಸು ಬಂದು ನೋಟ್‌ಬುಕ್ಕನ್ನು ಡಾಕ್ಟರ ಎದುರು ಇಟ್ಟೆ.

"ಫ್ರಿಜ್ಜಿನದಲ್ಲ ತಪ್ಪು. ನಂದು," ಎಂದೆ. ರಟ್ಟು ಕಿತ್ತದ್ದು, ಐಸು ತುರುಕಿದ್ದು, ಎರಡು ಸಲವೂ, ಎಲ್ಲ ಹೇಳಿದೆ.

ಅವರು ಪುಟ ತಿರುವುತ್ತ ಕೇಳಿದರು. ಕೊನೆಯ ಪುಟದವರೆಗೂ ತಿರುವಿದರು. ಎದ್ದು ಹೋಗಿ ಅರ್ಧ ಸಜ್ಜಾದ ವ್ಯಾನಿನ ಮೆಟ್ಟಿಲ ಮೇಲೆ ಕೂತರು.

"ಎಂದು ಗೊತ್ತಾತು ನಿಮಗ?"

"ನೀವು ಸೀಸೆ ಅಲ್ಲಾಡ್ಸಿ ಇಟ್ಟ ದಿನ."

"ನಾ ಪತ್ರ ಬರಿಯೂ ಮೊದಲ."

"ಹೌದು."

ಅವರು ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಬೈಯಲಿಲ್ಲ. "ಹಾಳಿ ತಗೋರಿ. ನೀವ ಬರೀರಿ ಆಕಿಗೆ. ಕನ್ನಡದಾಗ ಬರೀರಿ, ನಾ ಓದಿ ತಿಳಿಸಿ ಹೇಳ್ತೀನಿ," ಎಂದರು.

ನಾನು ಜನ್ಮದಲ್ಲಿ ಬರೆದ ಮೊದಲ ಪತ್ರ ಅದು. ಮರಿಯಮ್ಮನಿಗೆ ಗುಲಾಬಿ ಮಾಡುವ ನಮಸ್ಕಾರ. ಮಕ್ಕಳು ಸತ್ತದ್ದು ನನ್ನ ಐಸಿನಿಂದ. ನಿನ್ನ ಫ್ರಿಜ್ಜು ಸರಿ ಇತ್ತು. ಗೊತ್ತಿದ್ದೂ ನಾನು ಹೇಳಲಿಲ್ಲ. ಇಷ್ಟೇ ಬರೆದೆ. ಡಾಕ್ಟರು ಆ ವಾರವೇ ಹೊರಟರು.

ಒಂದು ತಿಂಗಳ ಮೇಲೆ ಬಂದರು. ಪತ್ರ ಅವರ ಚೀಲದಲ್ಲೇ ಇತ್ತು. ಫ್ಯಾಕ್ಸ್ ಮುಟ್ಟಿದ ದಿನವೇ ಅಲ್ಲಿನ ಆಫೀಸಿನವನು ಪೇಟೆಯ ಜನರೆದುರು ಅದನ್ನು ಓದಿ ಹೇಳಿದ್ದನಂತೆ. ಡಾಕ್ಟರೇ ಅವಳ ಮೇಲೆ ಬರೆದಿದ್ದಾರೆ ಎಂದ ಮೇಲೆ ಕೇಳುವುದೇನು? ಸೂಜಿ ಹಾಕಿ ಮಕ್ಕಳನ್ನು ಕೊಂದವಳು ಎಂದು ಆ ಬಾವಿಯ ಗಂಡಸರು ಅವಳ ಮನೆ ಮುಂದೆ ಬಂದು ನಿಂತರು. ಅವಳಿಗೆ ಇಬ್ಬರು ಮಕ್ಕಳಿದ್ದರು. ಅವರನ್ನು ಕರೆದುಕೊಂಡು ಸರಕಿನ ಲಾರಿ ಹತ್ತಿ ಗಡಿಯ ಆಚೆ ಹೋದಳು. ಯಾವ ಊರೋ ಗೊತ್ತಿಲ್ಲ. ಡಾಕ್ಟರು ಮೂರು ಊರು ಹುಡುಕಿದರು. ಬಾವಿಗೆ ಹೋಗಿ, ತಪ್ಪು ನಮ್ಮದು, ಅವಳದಲ್ಲ ಎಂದು ಹೇಳಿದರಂತೆ. ಒಬ್ಬ ಮುದುಕ, ಹಾಗಾದರೆ ನೀವೇ ಕೊಂದಿರಾ ಎಂದು ಕೇಳಿದನಂತೆ. ಇವರು ಹೌದು ಎಂದರಂತೆ. ಅವನು ಗಾಡಿ ತಿರುಗಿಸಿಕೊಂಡು ಹೋಗಿ ಎಂದನಂತೆ.

ಅಂಥ ಸೀಮೆಯಲ್ಲಿ ಮಾತು ಒಂಟೆಗಿಂತ ಬೇಗ ನಡೆಯುತ್ತದೆ. ಮುಂದಿನ ವರ್ಷ ಎರಡು ಬಾವಿಯವರು ಬೇಡ ಎಂದರು, ಅದರ ಮುಂದಿನ ವರ್ಷ ಮತ್ತೆ ಮೂರು. ಗಾಡಿಯ ಸದ್ದು ಕೇಳಿದರೆ ಹೆಂಗಸರು ಮಕ್ಕಳನ್ನು ಗುಡಾರದೊಳಗೆ ಎಳೆದುಕೊಳ್ಳುತ್ತಿದ್ದರು. ನನ್ನ ಐಸಿಗೆ ಸತ್ತ ಮಕ್ಕಳು ನಾಲ್ಕು ಎಂದು ಹೇಳಿಕೊಳ್ಳಬಹುದು. ಸೂಜಿಯೇ ಬೇಡ ಎಂದ ಬಾವಿಗಳಲ್ಲಿ ಆಮೇಲೆ ಎಷ್ಟು ಹೋದವೋ ಯಾರೂ ಎಣಿಸಲಿಲ್ಲ. ಎಣಿಸುತ್ತಿದ್ದವಳನ್ನು ನಾವು ಓಡಿಸಿದ್ದೆವು.

ನನ್ನನ್ನು ತೆಗೆದುಹಾಕಿ ಎಂದು ಕೇಳಿದೆ. "ಒಬ್ಬಾಕೀನ್ನ ತಗದು ಏನ್ ಛಲೋ ಆತು? ತುಂಬ್ರಿ ಪೆಟ್ಟಿಗಿ," ಎಂದರು. ಟ್ರಸ್ಟಿನವರು ತಮ್ಮ ವರದಿಯಲ್ಲಿ ಸಾಗಾಟದ ತೊಂದರೆ ಎಂದು ಬರೆದುಕೊಂಡರು. ನನ್ನ ಮೇಲೆ ಕೇಸೂ ಇಲ್ಲ, ಜೈಲೂ ಇಲ್ಲ. ಗಂಡ ಹೆದರಿದ ಯಾವುದೂ ಆಗಲಿಲ್ಲ.

ಕೆಲಸದ ರೀತಿ ಬದಲಾಯಿತು. ಎರಡು ಜನರ ರುಜು ಇಲ್ಲದೆ ಮುಚ್ಚಳ ಹಾಕುವಂತಿಲ್ಲ. ಹೆಪ್ಪುಗಟ್ಟಿದರೆ ಬಣ್ಣ ಬದಲಾಗುವ ಪಟ್ಟಿ ಬಂತು, ಅದನ್ನು ಸೀಸೆಗಳ ನಡುವೆ ಇಡುವುದು. ಒಳ್ಳೆಯ ಸಾಮಾನು. ಹೊಸಬರಿಗೆ ಡಾಕ್ಟರು ಏನು ಮಾಡಬೇಕು ಎನ್ನುವುದರ ಜೊತೆ ಯಾಕೆ ಎನ್ನುವುದನ್ನೂ ಹೇಳತೊಡಗಿದರು. ನೀವೂ ಕೇಳಿ. ಹೇಳದಿದ್ದರೆ ಜಗಳ ಮಾಡಿ ಕೇಳಿ. ಆದರೆ ಪಟ್ಟಿ ಐಸಿನ ತಪ್ಪು ತೋರಿಸುತ್ತದೆ, ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡವಳನ್ನು ತೋರಿಸುವ ಪಟ್ಟಿ ಬಂದಿಲ್ಲ.

ಎರಡು ಸಾವಿರದ ಈಚೆಗೆ ಒಂದೊಂದೇ ಗಾಡಿ ನಿಂತಿತು. ಕೊನೆಯ ವ್ಯಾನನ್ನು ಯಾರೋ ಐಸ್‌ಕ್ರೀಮ್ ಮಾರುವವನು ಕೊಂಡ. ಡಾಕ್ಟರು ಇಲ್ಫರ್ಡಿನ ಒಂದು ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಮೂಳೆಗೆ ರೋಗ ಬಂತು. ನಾನು ವಾರಕ್ಕೆರಡು ಸಲ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಲಿಫ್ಟು ಕೆಟ್ಟ ದಿನ ಮೂರು ಮಹಡಿ ಹತ್ತಿ ಹೋಗಿ ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಆ ಬಾವಿಯ ಮಾತು ನಾವು ಎಷ್ಟೋ ವರ್ಷ ಎತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೇ ಎತ್ತಿದರು.

"ಗುಲಾಬವ್ವಾ, ಆ ದಿನ ಸೀಸೆ ನೋಡಿದ ಕೂಡಲೆ ನಾ ಮೂರು ಕಡೆ ಕೇಳಬೇಕಿತ್ತು. ಫ್ರಿಜ್ಜು, ವಿಮಾನ, ಪೆಟ್ಟಿಗಿ. ಪೆಟ್ಟಿಗಿ ಕಟ್ಟಿದಾಕಿ ನನ್ನ ಎದುರಿಗೇ ನಿಂತಿದ್ದಳು. ಕೇಳಲಿಲ್ಲ. ಯಾಕ ಅಂತ ಗೊತ್ತೇನು?"

"ಗೊತ್ತು," ಎಂದೆ.

"ಹೇಳ್ರಿ ಮತ್ತ."

"ನಾನು ಕನ್ನಡ ಮಾತಾಡ್ತಿದ್ದೆ."

ಅವರು ತಲೆಯಾಡಿಸಿದರು. "ಮರಿಯಮ್ ಎಂಟು ವರ್ಷ ನನ್ನ ಕೂಡ ಮರಳಾಗ ಮಲಗ್ಯಾಳ. ನನಗ ಜ್ವರ ಬಂದಾಗ ಒಂಟಿ ಹಾಲು ಕುಡಿಸಿ ಬದುಕಿಸ್ಯಾಳ. ಆದ್ರ ತಪ್ಪು ಅಂದ ಕೂಡಲೆ ನನ್ನ ಬಾಯಾಗ ಆಕಿ ಹೆಸರ ಬಂತು. ನಿಮ್ಮ ಹೆಸರು ತಲಿಗೇ ಬರಲಿಲ್ಲ. ನೀವು ನಮ್ಮಾಕಿ."

"ನೀವು ಕೇಳುದಿಲ್ಲ ಅಂತ ನಂಗೂ ಗೊತ್ತಿತ್ತು ಡಾಕ್ಟ್ರೇ. ಅದಕ್ಕೇ ಅಷ್ಟು ದಿನ ಸುಮ್ನಿದ್ದೆ."

ಕೆಳಗೆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಇತ್ತು. ನಾನು ಗಂಜಿಯ ಬಟ್ಟಲು ಮುಂದಿಟ್ಟೆ, ಅವರು ಮುಟ್ಟಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಒಬ್ಬರಿಗೊಬ್ಬರು ಪರವಾಗಿಲ್ಲ ಎಂದು ಹೇಳಿಕೊಳ್ಳಬಹುದಿತ್ತು, ಹೇಳಲಿಲ್ಲ. ಆ ಮಾತು ಹೇಳುವ ಹಕ್ಕು ಇದ್ದವಳು ಗಡಿಯ ಆಚೆ ಎಲ್ಲೋ ಇದ್ದಳು, ಇದ್ದರೆ. ಆ ಕೋಣೆಯಲ್ಲಿದ್ದವರು ನಾವಿಬ್ಬರೇ.